ಬಯಲಿಗೆ ಬಂದ ಲೆಕ್ಕ: ಭಾರತದ ಸಣ್ಣ ಹೂಡಿಕೆದಾರ ಕಂಪನಿಯನ್ನು ಓದಲು ಕಲಿತ ಚರಿತ್ರೆ

ಒಂದು ಕಂಪನಿಯ ಷೇರನ್ನು ಕೊಳ್ಳುವ ಮೊದಲು ಅದು ಏನನ್ನು ತಯಾರಿಸುತ್ತದೆ, ಎಷ್ಟು ಗಳಿಸುತ್ತದೆ, ಎಷ್ಟು ಸಾಲ ಹೊತ್ತಿದೆ, ಆ ಗಳಿಕೆ ಮುಂದೆಯೂ ನಿಲ್ಲುವಂಥದೇ ಎಂಬುದನ್ನು ಅದರ ಲೆಕ್ಕಪತ್ರಗಳಿಂದಲೇ ತಿಳಿದು, ಷೇರಿಗೆ ತಕ್ಕ ಬೆಲೆಯನ್ನು ತಾನೇ ಕಂಡುಕೊಂಡು, ಅದನ್ನು ಪೇಟೆಯ ಬೆಲೆಯೊಡನೆ ಹೋಲಿಸಿ ನೋಡುವ ಕ್ರಮಕ್ಕೆ ಮೂಲಭೂತ ವಿಶ್ಲೇಷಣೆ ಎಂದು ಹೆಸರು. ಹೊಸದಾಗಿ ಹೂಡಿಕೆಗೆ ಇಳಿಯುವವರಿಗೆ ಇಂದು ಮೊದಲು ಹೇಳಿಕೊಡುವ ಪಾಠ ಇದೇ ಆಗಿದೆ. ಈ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಗ್ರಂಥಕರ್ತರ ಮತ್ತು ಹೆಸರಾಂತ ಹೂಡಿಕೆದಾರರ ಚರಿತ್ರೆಯನ್ನಾಗಿ ಬರೆಯುತ್ತಾರೆ. ಆದರೆ ಭಾರತದಲ್ಲಿ ಅದು ಬೆಳೆದ ಬಗೆಯನ್ನು ನೋಡಿದರೆ, ಓದುವ ಜಾಣ್ಮೆಗಿಂತ ಓದಲು ಸಿಕ್ಕ ಲೆಕ್ಕದ ಕಥೆಯೇ ಮುಖ್ಯವೆಂದು ತೋರುತ್ತದೆ. ಕಂಪನಿ ನಡೆಸುವವರು ತಮ್ಮ ಲೆಕ್ಕವನ್ನು ಯಾವಾಗ, ಎಷ್ಟರ ಮಟ್ಟಿಗೆ, ಯಾವ ನಮೂನೆಯಲ್ಲಿ ಷೇರುದಾರನ ಮುಂದೆ ಇಡಬೇಕಾಯಿತು ಎಂಬುದೇ ಆತ ಏನನ್ನು ಕಲಿಯಬಲ್ಲನೆಂಬುದನ್ನು ನಿರ್ಧರಿಸಿತು. ಲೆಕ್ಕ ಕಾಣದ ಕಾಲದಲ್ಲಿ ಆತ ಹೆಸರನ್ನು ನಂಬಿದ, ಏರುವ ಬೆಲೆಯನ್ನು ನಂಬಿದ, ಕೆಲವು ದಶಕಗಳ ಕಾಲ ಸರ್ಕಾರ ಹಾಕಿಕೊಟ್ಟ ಬೆಲೆಯನ್ನು ನಂಬಿದ.

ಮುಂಬೈಯಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ಷೇರು ವ್ಯವಹಾರ ಇತ್ತಾದರೂ ಅದು ಕೆಲವು ಬ್ಯಾಂಕುಗಳ ಮತ್ತು ಹತ್ತಿ ಒತ್ತುವ ಕಂಪನಿಗಳ ಷೇರುಗಳಿಗೆ ಸೀಮಿತವಾಗಿದ್ದು, ಬೆರಳೆಣಿಕೆಯ ದಲ್ಲಾಳಿಗಳ ಕೈಯಲ್ಲಿತ್ತು. 1850ರ ಕಾಯ್ದೆ ಕೂಡುಬಂಡವಾಳದ ಕಂಪನಿಗಳ ನೋಂದಣಿಗೆ ದಾರಿ ಮಾಡಿಕೊಟ್ಟಿತು. 1857ರ ಕಾಯ್ದೆ ಪರಿಮಿತ ಹೊಣೆಯ ತತ್ವವನ್ನು ತಂದಿತು. ಕಂಪನಿ ಮುಳುಗಿದರೂ ಷೇರುದಾರ ತನ್ನ ಷೇರಿನ ಮುಖಬೆಲೆಯಲ್ಲಿ ಇನ್ನೂ ಕಟ್ಟದೆ ಉಳಿದ ಹಣಕ್ಕಷ್ಟೇ ಬಾಧ್ಯನು, ಆತನ ಮನೆ ಹೊಲಗಳಿಗೆ ಸಾಲಗಾರರು ಕೈ ಹಾಕುವಂತಿಲ್ಲ ಎಂಬುದೇ ಆ ತತ್ವ. ಅಪರಿಚಿತರ ಉದ್ಯಮಕ್ಕೆ ಅಪರಿಚಿತರು ಹಣ ಹಾಕುವುದು ಇದರಿಂದ ಸಾಧ್ಯವಾಯಿತು. ಆದರೆ ಆ ಹಣದ ಗತಿ ಏನಾಯಿತೆಂದು ಅವರಿಗೆ ತಿಳಿಸುವ ಕಟ್ಟುಪಾಡು ಅದೇ ವೇಗದಲ್ಲಿ ಬರಲಿಲ್ಲ.

ಈ ಅಂತರದ ಬೆಲೆ ಎಷ್ಟೆಂಬುದು ಒಂದು ದಶಕದೊಳಗೆ ಗೊತ್ತಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ, ಅಲ್ಲಿಯ ದಕ್ಷಿಣ ರಾಜ್ಯಗಳ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ, ಲ್ಯಾಂಕಷೈರಿನ ಗಿರಣಿಗಳು ಪಶ್ಚಿಮ ಭಾರತದ ಹತ್ತಿಗೆ ಕೈಚಾಚಿದವು. ಮುಂಬೈಗೆ ಹಿಂದೆಂದೂ ಕಾಣದಷ್ಟು ಹಣ ಹರಿದುಬಂದು, ಅದನ್ನು ಹೂಡಲು ಸಾಕಷ್ಟು ಉದ್ಯಮಗಳಿಲ್ಲದ ಕಾರಣ ಹೊಸ ಬ್ಯಾಂಕುಗಳು, ಹಣಕಾಸು ಸಂಘಗಳು, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳು ಒಂದರ ಹಿಂದೊಂದು ಹುಟ್ಟಿಕೊಂಡವು. ಹತ್ತಿ ವ್ಯಾಪಾರಿಯೂ ದಲ್ಲಾಳಿಯೂ ಆಗಿದ್ದ ಪ್ರೇಮಚಂದ್ ರಾಯ್‌ಚಂದ್ ಈ ಭರಾಟೆಯ ಕೇಂದ್ರದಲ್ಲಿದ್ದರು. ಅವರ ಹೆಸರು ಸೇರಿದ ಕಂಪನಿಯ ಷೇರಿಗೆ ಆ ಹೆಸರೇ ಆಧಾರವಾಗುತ್ತಿತ್ತು. 5000 ರೂಪಾಯಿ ಕಟ್ಟಿದ ಬ್ಯಾಕ್ ಬೇ ರಿಕ್ಲಮೇಶನ್ ಕಂಪನಿಯ ಷೇರು ಹಲವು ಪಟ್ಟು ಬೆಲೆಗೆ ಮಾರಾಟವಾಯಿತು, ಅದೂ ಸಮುದ್ರದಿಂದ ನೆಲ ಇನ್ನೂ ಮೇಲೇಳುವ ಮೊದಲೇ. ಆ ಷೇರನ್ನು ಕೊಂಡವನ ಮುಂದೆ ಕಂಪನಿಯ ಆದಾಯದ ಲೆಕ್ಕ ಇರಲಿಲ್ಲ, ಏಕೆಂದರೆ ಆದಾಯವೇ ಇರಲಿಲ್ಲ. ವೆಚ್ಚದ ಅಂದಾಜನ್ನು ಪರೀಕ್ಷಿಸುವ ಮಾರ್ಗವೂ ಇರಲಿಲ್ಲ. ಆತನ ಎದುರಿಗಿದ್ದ ಒಂದೇ ಅಂಕಿ ನಿನ್ನೆಯ ಬೆಲೆ.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಮುಂದಿನ ದಿನಾಂಕವೊಂದಕ್ಕೆ ಷೇರು ಕೊಟ್ಟು ಹಣ ಪಡೆಯುವ ವಾಯಿದೆ ಒಪ್ಪಂದಗಳು ಪೇಟೆಯ ತುಂಬ ಇದ್ದು, ಅವುಗಳಲ್ಲಿ ಬಹುಪಾಲು ಜುಲೈ 1ಕ್ಕೆ ಚುಕ್ತವಾಗಬೇಕಿದ್ದವು. ಆ ದಿನ ಬಂದಾಗ ಕೊಡುವವರ ಬಳಿ ಹಣವಿರಲಿಲ್ಲ. 500 ರೂಪಾಯಿ ಮುಖಬೆಲೆಯ ಬ್ಯಾಂಕ್ ಆಫ್ ಬಾಂಬೆ ಷೇರು 2850 ರೂಪಾಯಿಯ ಎತ್ತರದಿಂದ 87 ರೂಪಾಯಿಗೆ ಇಳಿಯಿತು. ಸರ್ಕಾರದ ಪಾಲೂ ಇದ್ದ, ಸರ್ಕಾರದ ಪ್ರತಿನಿಧಿಗಳೂ ನಿರ್ದೇಶಕರಾಗಿದ್ದ ಈ ಬ್ಯಾಂಕು ಷೇರುಗಳನ್ನೇ ಅಡವಾಗಿಟ್ಟುಕೊಂಡು ಸಾಲ ಕೊಟ್ಟಿತ್ತು; ಷೇರಿನ ಬೆಲೆ ಬಿದ್ದೊಡನೆ ಸಾಲದ ಆಧಾರವೂ ಬಿತ್ತು. ಬ್ಯಾಂಕು ಮುಚ್ಚಿದ ಮೇಲೆ ನಡೆದ ಅಧಿಕೃತ ವಿಚಾರಣೆ ಆ ಸಾಲಗಳ ಸ್ವರೂಪವನ್ನು ಹೊರಗೆಡಹಿತು. ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬ್ಯಾಂಕಿನ ಸಾಲಗಳ ಬಗೆಗಿನ ನಿಜ ಅದರ ಷೇರುದಾರರಿಗೆ ತಿಳಿದದ್ದು ಬ್ಯಾಂಕು ಸತ್ತ ಮೇಲೆ ವಿಚಾರಣೆಯ ವರದಿಯಿಂದಲೇ ಹೊರತು, ಅದು ಬದುಕಿದ್ದಾಗಿನ ಲೆಕ್ಕಪತ್ರದಿಂದಲ್ಲ. ದಿನ್ಶಾ ವಾಚಾ 1910ರಲ್ಲಿ ಈ ಕಾಲದ ಬಗ್ಗೆ ಒಂದು ಪುಸ್ತಕವನ್ನೇ ಬರೆದದ್ದು, ಆ ಗಾಯ ಅರ್ಧ ಶತಮಾನದ ನಂತರವೂ ನಗರದ ನೆನಪಿನಲ್ಲಿ ಹಸಿಯಾಗಿತ್ತೆಂಬುದಕ್ಕೆ ಸಾಕ್ಷಿ.

ಟೌನ್ ಹಾಲಿನ ಮುಂದಿನ ಆಲದ ಮರಗಳ ಕೆಳಗೆ ಸೇರುತ್ತಿದ್ದ ದಲ್ಲಾಳಿಗಳು 1875ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಇಂದಿನ ಬಾಂಬೆ ಷೇರು ವಿನಿಮಯ ಕೇಂದ್ರದ ಮೂಲ ಅದು. ಸಂಘದ ಕಟ್ಟಳೆಗಳು ದಲ್ಲಾಳಿ ದಲ್ಲಾಳಿಗೆ ಹೇಗೆ ಹಣ ಚುಕ್ತ ಮಾಡಬೇಕೆಂಬುದನ್ನು ನಿಗದಿ ಮಾಡಿದವು. ಪೇಟೆಗೆ ಒಂದು ಶಿಸ್ತು ಬಂದಿತು, ಆದರೆ ಷೇರಿನ ಹಿಂದಿರುವ ಕಂಪನಿಯ ಒಳಗನ್ನು ನೋಡುವ ಕಿಟಕಿ ಇನ್ನೂ ತೆರೆದಿರಲಿಲ್ಲ.

ಆ ಒಳಗು ಕಾಣದಿರಲು ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ ದೊಡ್ಡ ಕಾರಣವಾಗಿತ್ತು. ಷೇರುದಾರರ ಹಣದಿಂದ ಸ್ಥಾಪನೆಯಾದ ಗಿರಣಿಯನ್ನೋ ಗಣಿಯನ್ನೋ ಒಂದು ಖಾಸಗಿ ವ್ಯಾಪಾರಿ ಮನೆತನ ದೀರ್ಘ ಒಪ್ಪಂದದ ಮೇಲೆ ನಡೆಸಿ, ಅದಕ್ಕೆ ಕಮಿಷನ್ ಪಡೆಯುವ ಏರ್ಪಾಡು ಇದು. ಮುಂಬೈಯ ಹತ್ತಿ ಗಿರಣಿಗಳಲ್ಲಿ ಮೊದಮೊದಲು ಈ ಕಮಿಷನ್ ತಯಾರಾದ ನೂಲಿನ ಪ್ರತಿ ಪೌಂಡಿಗೆ ಕಾಲಾಣೆಯಂತೆ ಇರುತ್ತಿತ್ತು. ಇದರ ಅರ್ಥವನ್ನು ಬಿಡಿಸಿ ನೋಡಿದರೆ, ಗಿರಣಿ ಲಾಭ ಮಾಡಿದರೂ ನಷ್ಟ ಮಾಡಿದರೂ ಏಜೆಂಟರ ವರಮಾನ ನಿಲ್ಲುತ್ತಿರಲಿಲ್ಲ. ನೂಲು ಹೆಚ್ಚು ಹೊರಬಂದಷ್ಟೂ, ಅದು ನಷ್ಟಕ್ಕೇ ಮಾರಾಟವಾದರೂ, ಅವರಿಗೆ ಹೆಚ್ಚು ಸಲ್ಲುತ್ತಿತ್ತು. ಷೇರುದಾರನಿಗೂ ನಿರ್ವಾಹಕನಿಗೂ ಹಿತ ಒಂದೇ ಆಗಿದೆಯೇ ಎಂಬ ಪ್ರಶ್ನೆಯನ್ನು ಇಂದಿನ ವಿಶ್ಲೇಷಕ ವಾರ್ಷಿಕ ವರದಿಯ ಪುಟಗಳಲ್ಲಿ ಹುಡುಕುತ್ತಾನೆ. ಅಂದು ಆ ಉತ್ತರ ಇರುತ್ತಿದ್ದುದು ಏಜೆನ್ಸಿ ಒಪ್ಪಂದದಲ್ಲಿ, ಮತ್ತು ಅದನ್ನು ಓದಿ ನೋಡಿದ ಸಣ್ಣ ಷೇರುದಾರರು ವಿರಳ.

ಹಾಗಾಗಿ ಹೂಡಿಕೆ ನಂಬಿಕೆಯ ಮೇಲೆಯೇ ನಡೆಯಿತು, ಮತ್ತು ಆ ನಂಬಿಕೆ ಎಲ್ಲ ಕಡೆಯೂ ಸುಳ್ಳಾಗಲಿಲ್ಲ. 1907ರಲ್ಲಿ ಟಾಟಾ ಉಕ್ಕಿನ ಕಂಪನಿ ಸ್ವದೇಶಿ ಚಳವಳಿಯ ಕಾವಿನಲ್ಲಿ ಷೇರು ಹೊರಡಿಸಿದಾಗ ಸುಮಾರು 8000 ಭಾರತೀಯರು ಮೂರು ವಾರಗಳಲ್ಲಿ ಬಂಡವಾಳವನ್ನು ತುಂಬಿಕೊಟ್ಟರು. ಕುಲುಮೆ ಹೊತ್ತಿಕೊಳ್ಳಲು ಆಗಿನ್ನೂ ವರ್ಷಗಳಿದ್ದವು. ಕರ್ನಾಟಕದ ಕರಾವಳಿಯಲ್ಲಿ ಷೇರು ಎಂಬುದು ಮಧ್ಯಮ ವರ್ಗದ ಮನೆಗಳಿಗೆ ಪರಿಚಯವಾದದ್ದು ಬ್ಯಾಂಕುಗಳ ಮೂಲಕ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಸ್ಥಾಪಿಸಿದ, ಮುಂದೆ ಕೆನರಾ ಬ್ಯಾಂಕ್ ಆದ ಶಾಶ್ವತ ನಿಧಿ ತಲಾ 50 ರೂಪಾಯಿಯ 2000 ಷೇರುಗಳ ಬಂಡವಾಳದಿಂದ ಆರಂಭವಾಯಿತು. ಅದೇ ವರ್ಷ ಉಡುಪಿಯಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಪೂರ್ವರೂಪ, 1931ರಲ್ಲಿ ಮಂಗಳೂರಿನಲ್ಲಿ ವಿಜಯ ಬ್ಯಾಂಕ್ ಹುಟ್ಟಿದವು. ಷೇರುದಾರನಿಗೆ ನಿರ್ದೇಶಕರು ಊರಿನ ವಕೀಲರೋ ವರ್ತಕರೋ ಆಗಿ ಮುಖಪರಿಚಯದವರೇ ಆಗಿದ್ದ ಇಂತಹ ಕಡೆ, ನಡೆಸುವವರ ಗುಣವನ್ನು ಅಳೆಯುವ ಕೆಲಸ, ಅಂದರೆ ವಿಶ್ಲೇಷಣೆಯ ಅತ್ಯಂತ ಕಷ್ಟದ ಭಾಗ, ಲೆಕ್ಕಪತ್ರವಿಲ್ಲದೆಯೂ ಸಾಧ್ಯವಾಗುತ್ತಿತ್ತು. ದೂರದ ನಗರದ ಗಿರಣಿಯ ಷೇರಿಗೆ ಈ ಅನುಕೂಲವಿರಲಿಲ್ಲ. (ಈ ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಶನ್ ಮತ್ತು ವಿಜಯ 1980ರಲ್ಲಿ ರಾಷ್ಟ್ರೀಕರಣಗೊಂಡು, ಅವುಗಳ ಷೇರುದಾರರ ಆ ಪರಂಪರೆ ಅಲ್ಲಿಗೆ ತುಂಡಾಯಿತು.)

ಲೆಕ್ಕವನ್ನು ಬಯಲಿಗೆ ತರುವ ಕೆಲಸವನ್ನು ಕಾನೂನು ನಿಧಾನವಾಗಿ ಮಾಡಿತು. 1913ರ ಕಂಪನಿ ಕಾಯ್ದೆ ಪರಿಶೋಧಿತ ಅಢಾವೆ ಪತ್ರಿಕೆಯನ್ನು ವರ್ಷಕ್ಕೊಮ್ಮೆ ಷೇರುದಾರರ ಸಭೆಯ ಮುಂದಿಡುವುದನ್ನು ಕಡ್ಡಾಯಗೊಳಿಸಿತು. ಅಢಾವೆ ಪತ್ರಿಕೆಯೆಂದರೆ ಒಂದು ನಿರ್ದಿಷ್ಟ ದಿನದಂದು ಕಂಪನಿಯ ಬಳಿ ಇರುವ ಆಸ್ತಿಗಳನ್ನು ಒಂದು ಕಡೆಯೂ, ಆ ಆಸ್ತಿಗಳಿಗೆ ಹಣ ಬಂದ ಮೂಲಗಳನ್ನು, ಅಂದರೆ ಷೇರುದಾರರ ಬಂಡವಾಳ, ಉಳಿಸಿಟ್ಟ ಮೀಸಲು ನಿಧಿ ಮತ್ತು ಸಾಲಗಳನ್ನು ಇನ್ನೊಂದು ಕಡೆಯೂ ತೋರಿಸುವ ಪಟ್ಟಿ. ಅದರಿಂದ ಕಂಪನಿಯ ಸ್ಥಿತಿ ತಿಳಿಯುತ್ತದೆಯೇ ಹೊರತು ವರ್ಷದುದ್ದಕ್ಕೂ ಅದು ಗಳಿಸಿದ್ದು ಹೇಗೆಂಬುದು ತಿಳಿಯುವುದಿಲ್ಲ. ಅದಕ್ಕೆ ಬೇಕಾದ ಲಾಭ-ನಷ್ಟದ ಲೆಕ್ಕ ಭಾರತದಲ್ಲಿ ಕಡ್ಡಾಯವಾದದ್ದು 1936ರ ತಿದ್ದುಪಡಿಯಿಂದ. ಮ್ಯಾನೇಜಿಂಗ್ ಏಜೆಂಟರ ಕಮಿಷನ್ ನಿವ್ವಳ ಲಾಭದ ಆಧಾರದ ಮೇಲೆಯೇ ಇರಬೇಕೆಂಬ ನಿಯಮವೂ ಅದೇ ತಿದ್ದುಪಡಿಯಲ್ಲಿ ಬಂದಿತು. ಈ ಎರಡು ನಿಯಮಗಳು ಜೊತೆಯಾಗಿ ಬಂದದ್ದು ಆಕಸ್ಮಿಕವಲ್ಲ: ಲಾಭದ ಮೇಲೆ ಕಮಿಷನ್ ಎಂದಾದರೆ ಲಾಭವೆಷ್ಟೆಂದು ತೋರಿಸಲೇಬೇಕಾಗುತ್ತದೆ. ಅಂಕಿಗಳು ದೊರೆಯತೊಡಗಿದಂತೆ ಅವುಗಳನ್ನು ಒಂದೆಡೆ ಜೋಡಿಸಿ ಕೊಡುವ ಪುಸ್ತಕಗಳಿಗೂ ಬೆಲೆ ಬಂದಿತು. ಕಲ್ಕತ್ತದ ಪ್ಲೇಸ್, ಸಿಡನ್ಸ್ ಅಂಡ್ ಗಫ್ ದಲ್ಲಾಳಿ ಸಂಸ್ಥೆಯ ವಾರ್ಷಿಕ ಕೈಪಿಡಿ, ಮದ್ರಾಸಿನ ಕೊಠಾರಿಯವರ ಹೂಡಿಕೆದಾರರ ಕೋಶ, ಮುಂಬೈ ವಿನಿಮಯ ಕೇಂದ್ರದ ಅಧಿಕೃತ ಡೈರೆಕ್ಟರಿ ಇವು ಕಂಪನಿಗಳ ಹಲವು ವರ್ಷಗಳ ಲಾಭ ಮತ್ತು ಲಾಭಾಂಶಗಳನ್ನು ಪಕ್ಕಪಕ್ಕದಲ್ಲಿ ಮುದ್ರಿಸಿ, ಒಂದು ವರ್ಷದ ಅಂಕಿಯನ್ನು ಹಿಂದಿನ ವರ್ಷಗಳೊಡನೆ ಹೋಲಿಸುವ ಅಭ್ಯಾಸಕ್ಕೆ ಅನುವು ಮಾಡಿಕೊಟ್ಟವು.

ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದ ಅಮೆರಿಕದಲ್ಲೂ ಘಟನೆಗಳ ಕ್ರಮ ಇದೇ ಆಗಿತ್ತು. 1926ರಲ್ಲಿ ನ್ಯೂಯಾರ್ಕಿನ ಯುವ ಹೂಡಿಕೆದಾರ ಬೆಂಜಮಿನ್ ಗ್ರಹಾಂ, ತೈಲ ಸಾಗಿಸುವ ಕೊಳವೆ ಕಂಪನಿಗಳು ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ಸಲ್ಲಿಸುತ್ತಿದ್ದ ವರದಿಗಳನ್ನು ವಾಷಿಂಗ್ಟನ್ನಿಗೆ ಹೋಗಿ ಓದಿ, 65 ಡಾಲರಿಗೆ ಸಿಗುತ್ತಿದ್ದ ನಾರ್ದರ್ನ್ ಪೈಪ್‌ಲೈನ್ ಕಂಪನಿಯ ಷೇರಿನ ಹಿಂದೆ ಷೇರೊಂದಕ್ಕೆ ಸುಮಾರು 95 ಡಾಲರು ಮೌಲ್ಯದ ರೈಲ್ವೆ ಬಾಂಡ್ ಮುಂತಾದ ಸುಲಭವಾಗಿ ನಗದಾಗುವ ಆಸ್ತಿಗಳಿವೆಯೆಂದು ಕಂಡುಕೊಂಡರು. ಸರ್ಕಾರಿ ಆಯೋಗವೊಂದು ಆ ವರದಿಗಳನ್ನು ಕೇಳಿ ಪಡೆದು, ಸಾರ್ವಜನಿಕರು ನೋಡುವಂತೆ ಇಟ್ಟಿರದಿದ್ದರೆ ಅವರ ಶ್ರಮಕ್ಕೆ ವಸ್ತುವೇ ಇರುತ್ತಿರಲಿಲ್ಲ. ಅವರು ಡೇವಿಡ್ ಡಾಡ್ ಅವರೊಂದಿಗೆ ಬರೆದ 'ಸೆಕ್ಯುರಿಟಿ ಅನಾಲಿಸಿಸ್' ಗ್ರಂಥ 1934ರಲ್ಲಿ ಪ್ರಕಟವಾಯಿತು. ಷೇರುಪೇಟೆಯಲ್ಲಿರುವ ಕಂಪನಿಗಳು ನಿಯತವಾಗಿ ಲೆಕ್ಕ ಒಪ್ಪಿಸಬೇಕೆಂಬ ಅಮೆರಿಕದ ಕಾಯ್ದೆಯೂ ಅದೇ ವರ್ಷದ್ದು. ಸಾಮಾನ್ಯ ಓದುಗರಿಗಾಗಿ ಗ್ರಹಾಂ ಬರೆದ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್' 1949ರಲ್ಲಿ ಬಂದಿತು. ಲೆಕ್ಕ ಹಾಕಿ ಕಂಡ ಮೌಲ್ಯಕ್ಕಿಂತ ಸಾಕಷ್ಟು ಕಡಿಮೆ ಬೆಲೆಗೆ ಕೊಂಡರೆ ಮಾತ್ರ ಲೆಕ್ಕದಲ್ಲಿ ಆಗಬಹುದಾದ ತಪ್ಪಿಗೆ ರಕ್ಷಣೆ ಸಿಗುತ್ತದೆ ಎಂಬ ಅದರ ತತ್ವ ಇಂದಿಗೂ ಆರಂಭಿಕರ ಪಾಠದ ತಿರುಳಾಗಿ ಉಳಿದಿದೆ.

ಸ್ವತಂತ್ರ ಭಾರತದಲ್ಲಿ 1956ರ ಕಂಪನಿ ಕಾಯ್ದೆ, ಅದರಲ್ಲೂ ಅದರ ಆರನೆಯ ಅನುಸೂಚಿ, ಈ ಚರಿತ್ರೆಯ ದೊಡ್ಡ ತಿರುವು. ಅಢಾವೆ ಪತ್ರಿಕೆ ಯಾವ ನಮೂನೆಯಲ್ಲಿರಬೇಕು, ಲಾಭ-ನಷ್ಟದ ಲೆಕ್ಕದಲ್ಲಿ ಯಾವ ಯಾವ ಬಾಬುಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು, ಸವಕಳಿ, ಅಂದರೆ ಯಂತ್ರ ಕಟ್ಟಡಗಳು ಸವೆದುದಕ್ಕಾಗಿ ಲಾಭದಿಂದ ಕಳೆಯುವ ಮೊತ್ತ, ಎಷ್ಟು, ಹಿಂದಿನ ವರ್ಷದ ಅಂಕಿಗಳೆಷ್ಟು ಎಂಬುದೆಲ್ಲವನ್ನೂ ಅದು ನಿಗದಿ ಮಾಡಿತು. ಮಹಾಸಭೆಗೆ ಕನಿಷ್ಠ 21 ದಿನ ಮೊದಲು ಲೆಕ್ಕದ ಪ್ರತಿ ಷೇರುದಾರನಿಗೆ ತಲುಪಬೇಕೆಂದೂ ವಿಧಿಸಿತು. ಎಲ್ಲ ಕಂಪನಿಗಳ ಲೆಕ್ಕವೂ ಒಂದೇ ಅಚ್ಚಿನಲ್ಲಿ ಬರತೊಡಗಿದ ಮೇಲೆಯೇ ಒಂದು ಸಿಮೆಂಟ್ ಕಂಪನಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದು ಸಾಮಾನ್ಯನಿಗೆ ಸಾಧ್ಯವಾಯಿತು. ಹೂಡಿಕೆಯ ಚರಿತ್ರೆಗಳಲ್ಲಿ ಈ ಅನುಸೂಚಿಗೆ ಸಿಗದ ಗೌರವ ಅದಕ್ಕೆ ಸಲ್ಲಬೇಕು. ಯಾವ ಪ್ರಸಿದ್ಧ ಪುಸ್ತಕಕ್ಕಿಂತಲೂ ಹೆಚ್ಚಾಗಿ ಭಾರತದ ಸಣ್ಣ ಹೂಡಿಕೆದಾರನಿಗೆ ಅಕ್ಷರಾಭ್ಯಾಸ ಮಾಡಿಸಿದ್ದು ಅದೇ.

ಆದರೆ ಲೆಕ್ಕ ಸಿಕ್ಕ ಮಾತ್ರಕ್ಕೆ ಓದುವ ಅಭ್ಯಾಸ ಬರುವುದಿಲ್ಲ ಎಂಬುದನ್ನು ಮರುವರ್ಷವೇ ದೇಶದ ಅತಿ ದೊಡ್ಡ ಹೂಡಿಕೆದಾರ ಸಂಸ್ಥೆ ತೋರಿಸಿತು. ಹೊಸದಾಗಿ ಸ್ಥಾಪನೆಯಾದ ಜೀವ ವಿಮಾ ನಿಗಮ 1957ರ ಜೂನ್‌ನಲ್ಲಿ ಹರಿದಾಸ್ ಮುಂಧ್ರಾ ಅವರ ಹಿಡಿತದ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ನಿಗಮದ ಹೂಡಿಕೆ ಸಮಿತಿಯನ್ನು ಕೇಳದೆಯೇ ಈ ಖರೀದಿ ನಡೆದಿತ್ತು. ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ವಿಷಯ ಎತ್ತಿ, ನ್ಯಾಯಮೂರ್ತಿ ಎಂ. ಸಿ. ಚಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿ, 1958ರಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಬೇಕಾಯಿತು. ಷೇರು ಕೊಳ್ಳುವ ಮುನ್ನ ಕಂಪನಿಯ ಸ್ಥಿತಿಯನ್ನು ಏಕೆ ಪರೀಕ್ಷಿಸಲಿಲ್ಲ ಎಂಬ ಪ್ರಶ್ನೆ ಪತ್ರಿಕೆಗಳ ಮುಖಪುಟದಲ್ಲಿ ಚರ್ಚೆಯಾದದ್ದು ಪ್ರಾಯಶಃ ಅದೇ ಮೊದಲು.

ಇಷ್ಟಾದರೂ ಮುಂದಿನ ಮೂರು ದಶಕಗಳಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಆ ಪ್ರಶ್ನೆಯನ್ನು ಹಾಕಿಕೊಳ್ಳುವ ಅಗತ್ಯ ಬೀಳಲಿಲ್ಲ, ಏಕೆಂದರೆ ಅವನ ಪರವಾಗಿ ಸರ್ಕಾರವೇ ಲೆಕ್ಕ ಹಾಕುತ್ತಿತ್ತು. ಯುದ್ಧಕಾಲದ ನಿಯಂತ್ರಣವನ್ನು ಮುಂದುವರಿಸಿದ 1947ರ ಕಾಯ್ದೆಯಡಿ ಹಣಕಾಸು ಸಚಿವಾಲಯದಲ್ಲಿ ಬಂಡವಾಳ ನೀಡಿಕೆಗಳ ನಿಯಂತ್ರಕರ ಕಚೇರಿ ಇದ್ದು, ಕಂಪನಿಗಳು ಹೊಸ ಷೇರುಗಳನ್ನು ಯಾವ ಬೆಲೆಗೆ ಹೊರಡಿಸಬಹುದೆಂದು ಅದು ತೀರ್ಮಾನಿಸುತ್ತಿತ್ತು. ಆ ಕಚೇರಿಯ ಸೂತ್ರ ಸ್ವಾರಸ್ಯಕರವಾದದ್ದು, ಮತ್ತು ಮೂಲಭೂತ ವಿಶ್ಲೇಷಣೆಯ ಎರಡು ಮುಖ್ಯ ದಾರಿಗಳನ್ನು ಅದು ಒಟ್ಟಿಗೆ ಬಳಸುತ್ತಿದ್ದುದರಿಂದ ಇಲ್ಲಿ ಬಿಡಿಸಿ ನೋಡುವಂಥದು. ಮೊದಲನೆಯದು ನಿವ್ವಳ ಆಸ್ತಿ ಮೌಲ್ಯ: ಕಂಪನಿಯ ಎಲ್ಲ ಆಸ್ತಿಗಳಿಂದ ಎಲ್ಲ ಸಾಲಗಳನ್ನು ಕಳೆದು, ಉಳಿದದ್ದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೊತ್ತ. ಎರಡನೆಯದು ಗಳಿಕೆಯ ಸಾಮರ್ಥ್ಯದ ಮೌಲ್ಯ: ಹಿಂದಿನ ಮೂರು ವರ್ಷಗಳಲ್ಲಿ ತೆರಿಗೆ ಕಳೆದು ಉಳಿದ ಲಾಭದ ಸರಾಸರಿಯನ್ನು ತೆಗೆದುಕೊಂಡು, ತಯಾರಿಕಾ ಕಂಪನಿಯಾದರೆ ನೂರಕ್ಕೆ 15ರ, ವ್ಯಾಪಾರಿ ಕಂಪನಿಯಾದರೆ ನೂರಕ್ಕೆ 20ರ ದರದಲ್ಲಿ ಅಷ್ಟು ಲಾಭ ಕೊಡಲು ಎಷ್ಟು ಬಂಡವಾಳ ಬೇಕೆಂದು ಲೆಕ್ಕ ಹಾಕುವುದು. ಈ ಎರಡರ ಸರಾಸರಿಯೇ ನ್ಯಾಯಬೆಲೆಯ ಆಧಾರ. ಉದಾಹರಣೆಗೆ, ಒಂದು ತಯಾರಿಕಾ ಕಂಪನಿಯ ಷೇರೊಂದರ ನಿವ್ವಳ ಆಸ್ತಿ 30 ರೂಪಾಯಿ, ಸರಾಸರಿ ಲಾಭ 6 ರೂಪಾಯಿ ಎಂದಿಟ್ಟುಕೊಂಡರೆ, ಎರಡನೆಯ ದಾರಿಯಲ್ಲಿ ಅದರ ಮೌಲ್ಯ 40 ರೂಪಾಯಿಯಾಗಿ, ನ್ಯಾಯಬೆಲೆ 35 ರೂಪಾಯಿ ಎಂದಾಗುತ್ತದೆ.

ಈ ಸೂತ್ರದ ಬಿಗಿತ ಎಲ್ಲಿದೆಯೆಂದರೆ, ನೂರಕ್ಕೆ 15ರ ದರವೆಂದರೆ ಒಂದು ರೂಪಾಯಿ ವಾರ್ಷಿಕ ಲಾಭಕ್ಕೆ ಏಳು ರೂಪಾಯಿಗಿಂತಲೂ ಕಡಿಮೆ ಬೆಲೆ ಕಟ್ಟಿದಂತೆ. ಷೇರಿನ ಬೆಲೆ ಅದರ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬ ಈ ಅನುಪಾತಕ್ಕೆ ಬೆಲೆ-ಗಳಿಕೆ ಅನುಪಾತ ಎನ್ನುತ್ತಾರೆ. ಲಾಭ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವ ಕಂಪನಿಗೂ ನಿಂತಲ್ಲೇ ನಿಂತ ಕಂಪನಿಗೂ ಸೂತ್ರ ಒಂದೇ ಅಳತೆಯನ್ನು ಹಿಡಿಯುತ್ತಿತ್ತು, ಆದರೆ ಪೇಟೆ ಹಾಗೆ ಮಾಡುತ್ತಿರಲಿಲ್ಲ. ಹೀಗಾಗಿ ಒಳ್ಳೆಯ ಕಂಪನಿಯ ಹೊಸ ಷೇರು ಪೇಟೆಯ ಬೆಲೆಗಿಂತ ಬಹಳ ಕಡಿಮೆಗೆ ಹೊರಬರುತ್ತಿದ್ದು, ಅದು ಯಾರಿಗೆ ಹಂಚಿಕೆಯಾಗುತ್ತದೋ ಅವರಿಗೆ ಲಾಭ ಬಹುತೇಕ ಖಚಿತವಾಗಿರುತ್ತಿತ್ತು. ವಿದೇಶಿ ವಿನಿಮಯ ನಿಯಂತ್ರಣದ 1973ರ ಕಾಯ್ದೆಯಿಂದ ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪಾಲನ್ನು ಸಾಮಾನ್ಯವಾಗಿ ನೂರಕ್ಕೆ 40ಕ್ಕೆ ಇಳಿಸಿಕೊಳ್ಳಬೇಕಾಗಿ ಬಂದು, ಹಿಂದೂಸ್ತಾನ್ ಲಿವರ್, ಕೋಲ್ಗೇಟ್ ಮುಂತಾದವುಗಳ ಷೇರುಗಳು ಸಾರ್ವಜನಿಕರಿಗೆ ಸುಲಭ ಬೆಲೆಯಲ್ಲಿ ಸಿಕ್ಕಿದ್ದು ಹೀಗೆ. 1977ರಲ್ಲಿ ರಿಲಯನ್ಸ್ ಜವಳಿ ಕಂಪನಿ ಹೊರಡಿಸಿದ 10 ರೂಪಾಯಿಯ ಷೇರುಗಳಿಗೆ ನೀಡಿಕೆಯ ಏಳು ಪಟ್ಟು ಅರ್ಜಿಗಳು ಬಂದವು. 1980ರ ದಶಕದಲ್ಲಿ ಅರ್ಜಿ ಫಾರಂಗಳಿಗಾಗಿ ಬ್ಯಾಂಕುಗಳ ಮುಂದೆ ಸಾಲುಗಳು ನಿಲ್ಲತೊಡಗಿ, ಲಕ್ಷಾಂತರ ಕುಟುಂಬಗಳು ಷೇರುದಾರರಾದವು. ಒಂದು ಪೀಳಿಗೆ ಷೇರಿಗೆ ಅರ್ಜಿ ತುಂಬಲು ಕಲಿಯಿತು, ಲೆಕ್ಕ ಓದಲು ಕಲಿಯಲಿಲ್ಲ. ಅವರನ್ನು ದೂರುವಂತಿಲ್ಲ, ಏಕೆಂದರೆ ಓದದೆಯೇ ಗೆಲ್ಲಬಹುದಾದ ವ್ಯವಸ್ಥೆಯನ್ನು ಅವರ ಮುಂದೆ ಇಟ್ಟದ್ದು ಸರ್ಕಾರ. ಇದೇ ಕಾಲದಲ್ಲಿ, ಕಂಪನಿ ಕಾಯ್ದೆಯ 1988ರ ತಿದ್ದುಪಡಿ, ಅಂಚೆ ಮತ್ತು ಮುದ್ರಣದ ಹೊರೆ ತಗ್ಗಿಸಲೆಂದು, ಪೂರ್ಣ ಲೆಕ್ಕದ ಬದಲು ಸಂಕ್ಷಿಪ್ತ ಲೆಕ್ಕವನ್ನಷ್ಟೇ ಷೇರುದಾರರಿಗೆ ಕಳುಹಿಸಲು ಕಂಪನಿಗಳಿಗೆ ಅನುಮತಿ ಕೊಟ್ಟಿತು. ಹೊಸ ಓದುಗರು ಅತಿ ಹೆಚ್ಚು ಸಂಖ್ಯೆಯಲ್ಲಿ ಬಂದ ಹೊತ್ತಿನಲ್ಲೇ ಅವರ ಕೈಗೆ ತಲುಪುವ ಲೆಕ್ಕ ತೆಳುವಾದದ್ದು ವಿಷಾದದ ಸಂಗತಿ.

1992ರಲ್ಲಿ ಸರ್ಕಾರವೇ ಬೆಲೆ ಕಟ್ಟಿಕೊಡುವ ಈ ಆಸರೆ ಒಮ್ಮೆಲೇ ಕಳಚಿತು. 1991ರ ಆರಂಭದಲ್ಲಿ 1000ದ ಆಸುಪಾಸಿನಲ್ಲಿದ್ದ ಬಾಂಬೆ ಷೇರು ವಿನಿಮಯ ಕೇಂದ್ರದ ಸಂವೇದಿ ಸೂಚ್ಯಂಕ 1992ರ ಏಪ್ರಿಲ್ 22ರಂದು 4467ಕ್ಕೆ ಏರಿತ್ತು. ಈ ಏರಿಕೆಯ ನಾಯಕನಾಗಿ ಕಂಡ ದಲ್ಲಾಳಿ ಹರ್ಷದ್ ಮೆಹ್ತಾ ತನ್ನ ಖರೀದಿಗೆ ಒಂದು ಮೂಲಭೂತ ವಿಶ್ಲೇಷಣೆಯ ವಾದವನ್ನೇ ಮುಂದಿಟ್ಟಿದ್ದ: ಹಳೆಯ ಕಂಪನಿಯೊಂದರ ಕಾರ್ಖಾನೆಯಂಥದೇ ಕಾರ್ಖಾನೆಯನ್ನು ಇಂದು ಹೊಸದಾಗಿ ಕಟ್ಟಲು ಎಷ್ಟು ತಗಲುತ್ತದೋ ಆ ಕಂಪನಿಯ ಬೆಲೆಯೂ ಅಷ್ಟಿರಬೇಕೆಂಬುದು ಆ ವಾದ. ಸಿಮೆಂಟ್ ಕಂಪನಿ ಎಸಿಸಿಯ ಷೇರು ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರಕ್ಕೆ ಏರಿದ್ದು ಈ ಮಾತಿನ ನೆರಳಿನಲ್ಲಿ. ವಾದದಲ್ಲಿ ಒಂದು ತುಣುಕು ನಿಜವಿದೆ, ಹಳೆಯ ಆಸ್ತಿಗಳು ಲೆಕ್ಕದ ಪುಸ್ತಕದಲ್ಲಿ ಹಳೆಯ ಬೆಲೆಯಲ್ಲೇ ಕುಳಿತಿರುತ್ತವೆ ಎಂಬುದು ಸರಿ. ಆದರೆ ಕಾರ್ಖಾನೆಯ ಬೆಲೆ ಅದು ಮುಂದೆ ಗಳಿಸಿಕೊಡುವ ಹಣದಲ್ಲಿದೆಯೇ ಹೊರತು ಅದನ್ನು ಕಟ್ಟುವ ಖರ್ಚಿನಲ್ಲಿಲ್ಲ, ಮತ್ತು ಷೇರಿನ ಬೆಲೆಗೂ ಗಳಿಕೆಗೂ ಇರಬೇಕಾದ ಸಂಬಂಧವನ್ನು ಆ ವಾದ ಸಂಪೂರ್ಣ ಕೈಬಿಟ್ಟಿತ್ತು. ಏಪ್ರಿಲ್ 23ರಂದು ಪತ್ರಕರ್ತೆ ಸುಚೇತಾ ದಲಾಲ್ ಅವರ ವರದಿ ಬ್ಯಾಂಕುಗಳ ಹಣ ಪೇಟೆಗೆ ಹರಿದ ಬಗೆಯನ್ನು ಬಯಲು ಮಾಡಿತು. ಅದರ ಮರುತಿಂಗಳಲ್ಲೇ ಬಂಡವಾಳ ನೀಡಿಕೆಗಳ ನಿಯಂತ್ರಣ ಕಾಯ್ದೆ ರದ್ದಾಗಿ, ಬೆಲೆ ಕಟ್ಟುವ ಅಧಿಕಾರ ಕಂಪನಿಗಳಿಗೆ ಹೋಯಿತು. ಅದೇ ವರ್ಷ ಶಾಸನಬದ್ಧ ಅಧಿಕಾರ ಪಡೆದ ಸೆಬಿಯ ಕೆಲಸ, ಅಂದರೆ ಭಾರತೀಯ ಷೇರು ನಿಯಂತ್ರಣ ಮಂಡಳಿಯ ಕೆಲಸ, ಬೆಲೆ ಸರಿಯೇ ಎಂದು ಹೇಳುವುದಾಗಿರಲಿಲ್ಲ, ಸತ್ಯಾಂಶಗಳೆಲ್ಲ ಪ್ರಾಸ್ಪೆಕ್ಟಸ್ಸಿನಲ್ಲಿವೆಯೇ ಎಂದು ನೋಡುವುದಾಗಿತ್ತು. ಸರಿ ಬೆಲೆ ಯಾವುದೆಂಬ ಪ್ರಶ್ನೆ ಈಗ ಪೂರ್ತಿಯಾಗಿ ಕೊಳ್ಳುವವನ ಹೆಗಲಿಗೆ ಬಿತ್ತು. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ತೇಗದ ತೋಪು, ಸಿಗಡಿ ಸಾಕಣೆ, ಲೀಸಿಂಗ್ ಮುಂತಾದವುಗಳ ಹೆಸರಿನಲ್ಲಿ ಹಣ ಎತ್ತಿ ವಿಳಾಸವಿಲ್ಲದಂತಾದ ಕಂಪನಿಗಳ ಪಟ್ಟಿಗಳನ್ನು ಸರ್ಕಾರ ಮುಂದೆ ಪ್ರಕಟಿಸಬೇಕಾಯಿತು.

ಇದೇ ಸಮಯದಲ್ಲಿ ಬೆಂಗಳೂರು ಬೇರೊಂದು ಬಗೆಯ ಸವಾಲನ್ನು ಒಡ್ಡಿತು. ಅಲ್ಲಿಯ ಸಾಫ್ಟ್‌ವೇರ್ ಕಂಪನಿ ಇನ್ಫೋಸಿಸ್ 1993ರ ಫೆಬ್ರುವರಿಯಲ್ಲಿ 95 ರೂಪಾಯಿಗೊಂದರಂತೆ ಷೇರು ಹೊರಡಿಸಿದಾಗ ಸಾರ್ವಜನಿಕರಿಂದ ಸಾಕಷ್ಟು ಅರ್ಜಿಗಳು ಬರಲಿಲ್ಲ. ಉಳಿದ ಪಾಲನ್ನು ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆ ಕೊಂಡಿತು. ಆ ಜೂನ್‌ನಲ್ಲಿ ಷೇರು 145 ರೂಪಾಯಿಯಲ್ಲಿ ವಹಿವಾಟು ಆರಂಭಿಸಿತು. ಹೂಡಿಕೆದಾರರ ಹಿಂಜರಿಕೆಗೆ ಕಾರಣ ಊಹಿಸುವುದು ಕಷ್ಟವಲ್ಲ: ದಶಕಗಳ ಕಾಲ ಕಾರ್ಖಾನೆ, ಯಂತ್ರ, ಜಮೀನುಗಳ ಅಢಾವೆ ಪತ್ರಿಕೆಯನ್ನೇ ಕಂಡವರಿಗೆ, ತನ್ನ ಮುಖ್ಯ ಸಂಪತ್ತಾದ ಎಂಜಿನಿಯರುಗಳನ್ನು ಆಸ್ತಿಯ ಅಂಕಣದಲ್ಲಿ ಬರೆಯಲಾಗದ ಕಂಪನಿಯ ಬೆಲೆ ತಿಳಿಯುವಂತಿರಲಿಲ್ಲ, ಹಳೆಯ ಸೂತ್ರದ ಮೊದಲರ್ಧ ಇಲ್ಲಿ ಕೆಲಸಕ್ಕೇ ಬರುತ್ತಿರಲಿಲ್ಲ. ಆ ಕಂಪನಿ ಮುಂದಿನ ವರ್ಷಗಳ ವಾರ್ಷಿಕ ವರದಿಗಳಲ್ಲಿ ಅಮೆರಿಕದ ಲೆಕ್ಕ ಕ್ರಮದಂತೆಯೂ ಅಂಕಿಗಳನ್ನು ಕೊಟ್ಟು, ಸಿಬ್ಬಂದಿಯ ಮತ್ತು ಬ್ರ್ಯಾಂಡಿನ ಮೌಲ್ಯವನ್ನು ಅಂದಾಜು ಮಾಡಿ ತೋರಿಸಿ, ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಪರಿಪಾಠವನ್ನು ಹಾಕಿತು. ಆ ಅಂದಾಜುಗಳ ನಿಖರತೆಯನ್ನು ಪ್ರಶ್ನಿಸಬಹುದು. ಆದರೆ ವಾರ್ಷಿಕ ವರದಿಯನ್ನು ಓದಿಸಿಕೊಳ್ಳುವಂತೆ ಬರೆಯಬೇಕೆಂಬ ಕಲ್ಪನೆ ಭಾರತದಲ್ಲಿ ಬೇರೂರಿದ್ದರಲ್ಲಿ ಈ ನಗರದ ಪಾಲು ದೊಡ್ಡದು.

ಕಾನೂನೂ ಹಿಂದೆಯೇ ಬಂದಿತು. 1995ರಿಂದ ನಗದು ಹರಿವಿನ ಲೆಕ್ಕ, ಅಂದರೆ ಪುಸ್ತಕದ ಲಾಭವಲ್ಲದೆ ನಿಜವಾಗಿ ಕೈಗೆ ಬಂದ ಮತ್ತು ಕೈಬಿಟ್ಟ ಹಣದ ವಿವರ, ಅಗತ್ಯವಾಯಿತು; ಆ ದಶಕದ ಕೊನೆಗೆ ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸುವ ನಿಯಮವೂ, 2001ರ ನಂತರ ಅಂಗಸಂಸ್ಥೆಗಳನ್ನು ಸೇರಿಸಿ ಇಡೀ ಸಮೂಹದ ಲೆಕ್ಕ ಕೊಡುವ ನಿಯಮವೂ ಜಾರಿಗೆ ಬಂದವು. ಅಂತರ್ಜಾಲ ಬಂದ ಮೇಲೆ, ಹಿಂದೆ ವಿನಿಮಯ ಕೇಂದ್ರದ ಗ್ರಂಥಾಲಯಕ್ಕೆ ಹೋಗಿ ಹುಡುಕಬೇಕಿದ್ದ ವಾರ್ಷಿಕ ವರದಿ ಮನೆಯಲ್ಲಿ ಕುಳಿತವನಿಗೆ ಉಚಿತವಾಗಿ ಸಿಗತೊಡಗಿತು.

ಹೀಗೆ ಎಲ್ಲವೂ ಬಯಲಿಗೆ ಬಂದಿತೆಂದು ತೋರಿದ ಹೊತ್ತಿನಲ್ಲಿ, 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು, ಕಂಪನಿಯ ಅಢಾವೆ ಪತ್ರಿಕೆ ತೋರಿಸುವ 5361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5040 ಕೋಟಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ಅದರ ಮೇಲೆ ಬಂದಿದೆಯೆಂದು ತೋರಿಸಿದ್ದ 376 ಕೋಟಿಯ ಬಡ್ಡಿಯೂ ಸುಳ್ಳಾಗಿತ್ತು. ಅಢಾವೆ ಪತ್ರಿಕೆಯಲ್ಲಿ ನಗದು ಎಂಬುದು ಯಾರೂ ಸಂಶಯಿಸದ ಬಾಬು. ಯಂತ್ರದ ಮೌಲ್ಯದಲ್ಲಿ, ದಾಸ್ತಾನಿನ ಮೌಲ್ಯದಲ್ಲಿ ಅಭಿಪ್ರಾಯಭೇದ ಇರಬಹುದು, ಬ್ಯಾಂಕಿನಲ್ಲಿರುವ ಹಣದಲ್ಲಿ ಇರಲು ಸಾಧ್ಯವಿಲ್ಲ. ಪರಿಶೋಧಕರ ಸಹಿ ಬಿದ್ದ ಆ ಅಂಕಿಯನ್ನು ನಂಬಿ ಶಿಸ್ತಿನಿಂದ ವಿಶ್ಲೇಷಣೆ ಮಾಡಿದವನು ಕೂಡ ಮೋಸಹೋದ. ಈ ಆಘಾತದ ಹಿನ್ನೆಲೆಯಲ್ಲಿ ರೂಪುಗೊಂಡ 2013ರ ಕಂಪನಿ ಕಾಯ್ದೆ, ಪಟ್ಟಿಯಾದ ಕಂಪನಿಗೆ ಒಂದೇ ಪರಿಶೋಧಕ ಸಂಸ್ಥೆ ಐದೈದು ವರ್ಷಗಳ ಎರಡು ಅವಧಿಗಳಿಗಿಂತ ಹೆಚ್ಚು ಕಾಲ ಮುಂದುವರಿಯದಂತೆ ಮಾಡಿತು. ಪರಿಶೋಧಕರ ಮೇಲೆ ನಿಗಾ ಇಡುವ ರಾಷ್ಟ್ರೀಯ ಪ್ರಾಧಿಕಾರ 2018ರಲ್ಲಿ ಸ್ಥಾಪನೆಯಾಯಿತು. ಸಂಬಂಧಪಟ್ಟವರೊಡನೆ ಕಂಪನಿ ನಡೆಸಿದ ವ್ಯವಹಾರಗಳ ಪಟ್ಟಿ, ಪರಿಶೋಧಕರು ಅವಧಿಗೆ ಮುನ್ನ ರಾಜೀನಾಮೆ ಕೊಟ್ಟರೆ ಅದಕ್ಕೆ ಅವರು ನೀಡಿದ ಕಾರಣ ಇವುಗಳನ್ನು ಲಾಭದ ಅಂಕಿಗಿಂತ ಮೊದಲು ನೋಡಬೇಕೆಂಬ ಇಂದಿನ ಸಲಹೆ ಈ ಅನುಭವದಿಂದ ಬಂದದ್ದು.

2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿಯಿದ್ದ ದೇಶದ ಡಿಮ್ಯಾಟ್ ಖಾತೆಗಳು, ಅಂದರೆ ಷೇರುಗಳನ್ನು ಕಾಗದದ ಬದಲು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆಗಳು, ನಾಲ್ಕು ವರ್ಷಗಳಲ್ಲಿ 15 ಕೋಟಿ ದಾಟಿದವು. 1980ರ ದಶಕದ ಅರ್ಜಿದಾರರಿಗಿಂತ ಹಲವು ಪಟ್ಟು ದೊಡ್ಡದಾದ ಈ ಸಮುದಾಯದ ಮುಂದೆ, ಹಿಂದಿನ ಯಾವ ಪೀಳಿಗೆಗೂ ಸಿಗದಷ್ಟು ಲೆಕ್ಕ ತೆರೆದು ಬಿದ್ದಿದೆ. ಕನ್ನಡದ ಓದುಗನಿಗೆ ಅದರ ಒಂದು ಅಂಶ ಮಾತ್ರ ಅವನ ಭಾಷೆಯಲ್ಲಿ ತಲುಪಿದೆ. ಪಟ್ಟಿಯಾದ ಕಂಪನಿ ತನ್ನ ಫಲಿತಾಂಶವನ್ನು ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಪತ್ರಿಕೆಯೊಂದರಲ್ಲೂ ಪ್ರಕಟಿಸಬೇಕೆಂದಿದ್ದ ನಿಯಮದಿಂದಾಗಿ, ಬೆಂಗಳೂರು ಮಂಗಳೂರುಗಳ ಕಂಪನಿಗಳ ತ್ರೈಮಾಸಿಕ ಅಂಕಿಗಳು ವರ್ಷಗಳ ಕಾಲ ಕನ್ನಡ ದಿನಪತ್ರಿಕೆಗಳ ಪುಟಗಳಲ್ಲಿ ಸಣ್ಣಕ್ಷರದ ಕೋಷ್ಟಕಗಳಾಗಿ ಅಚ್ಚಾದವು, ಮತ್ತು ಅವುಗಳನ್ನು ಓದಲು ಬೇಕಾದ ಪರಿಭಾಷೆಯನ್ನು ಕನ್ನಡ ಮಾಧ್ಯಮದ ವಾಣಿಜ್ಯ ಪಠ್ಯಗಳು ಸಿದ್ಧಪಡಿಸಿವೆ. ಆದರೆ ಆ ಕೋಷ್ಟಕದ ಒಂದೊಂದು ಸಾಲಿನ ಹಿಂದಿರುವ ಟಿಪ್ಪಣಿಗಳು, ಪರಿಶೋಧಕರ ಷರತ್ತುಗಳು, ನ್ಯಾಯಾಲಯದಲ್ಲಿರುವ ತೆರಿಗೆ ವಿವಾದಗಳ ಪಟ್ಟಿ, ನಿರ್ದೇಶಕರ ಸಂಭಾವನೆಯ ವಿವರ ಇವೆಲ್ಲ ನೂರಾರು ಪುಟಗಳ ಇಂಗ್ಲಿಷ್ ವರದಿಯಲ್ಲೇ ಉಳಿದಿವೆ. ಕಂಪನಿಯ ನಿಜಸ್ಥಿತಿ ಸಾಮಾನ್ಯವಾಗಿ ತಿಳಿಯುವುದು ಆ ಪುಟಗಳಿಂದ.